ಫ್ಲಾಸ್ಕ್ ಮುಚ್ಚಳದ ನೀರು

ನಾನು ಹುಟ್ಟಿದ ದಿನ ನನಗೆ ಗೊತ್ತು. ಮದುವೆಯಾದ ದಿನವೂ ಗೊತ್ತು, ಗಂಡನಿಗೆ ಮರೆತುಹೋದ ವರ್ಷಗಳೂ ಗೊತ್ತು. ಆದರೆ ದೀಕ್ಷಾಸ್ನಾನ, ಅಂದರೆ ತಲೆಗೆ ನೀರು ಹಾಕಿ ನಮ್ಮನ್ನು ಕ್ರೈಸ್ತರಾಗಿಸುವ ವಿಧಿ, ಆದ ದಿನ ಯಾವುದು ಅಂತ ಯಾರಾದರೂ ಕೇಳಿದ್ದರೆ ತಲೆ ಕೆರೆದುಕೊಳ್ಳಬೇಕಿತ್ತು. 2014ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ ಮುಂದೆ ಸೇರಿದ್ದ ಜನರಿಗೆ ಇದೇ ಪ್ರಶ್ನೆ ಹಾಕಿ, ಗೊತ್ತಿಲ್ಲದವರು ಮನೆಗೆ ಹೋಗಿ ವಿಚಾರಿಸಿ ಅಂತ ಮೇಷ್ಟ್ರ ಥರ ಹೋಂವರ್ಕ್ ಕೊಟ್ಟಿದ್ದರು. ಆಮೇಲೂ ಎಷ್ಟೋ ಸಲ ಅದನ್ನೇ ಹೇಳಿದರು. ನಾನು ಆ ಹೋಂವರ್ಕ್ ಮಾಡಿದ್ದು ಮೊನ್ನೆ, ಅದೂ ಅವರು ತೀರಿಕೊಂಡ ಮೇಲೆ.

ಅಮ್ಮನಿಗೆ ಫೋನ್ ಮಾಡಿದೆ. "ಯಾವುದು ಬೇಕು ನಿಂಗೆ? ಆಸ್ಪತ್ರೇದಾ, ಚರ್ಚಿಂದಾ?" ಅಂದಳು.

ಎರಡಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಆಲ್ಬಮ್ಮಿನಲ್ಲಿ ಒಂದು ಫೋಟೋ ಇದೆ, ಬಿಳಿ ಬಟ್ಟೆ ಸುತ್ತಿದ ಮಗು, ಪಕ್ಕದಲ್ಲಿ ಮೇಣದ ಬತ್ತಿ ಹಿಡಿದ ಜ್ಞಾನತಂದೆ, ಅಂದರೆ ಗಾಡ್‌ಫಾದರ್. ಅದೇ ನನ್ನ ದೀಕ್ಷಾಸ್ನಾನ ಅಂದುಕೊಂಡಿದ್ದೆ. ಅಲ್ಲವಂತೆ. ನಾನು ತಿಂಗಳು ತುಂಬುವ ಮೊದಲೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿದ್ದೆ. ಎರಡನೇ ರಾತ್ರಿ ಉಸಿರು ಏರುಪೇರಾಯಿತು. ಅಮ್ಮ ಬೇರೆ ವಾರ್ಡಿನಲ್ಲಿ ಮಲಗಿದ್ದಳು. ಫಾದರ್‌ಗೆ ಹೇಳಿ ಕಳಿಸಿ ಅವರು ಬರುವಷ್ಟು ಹೊತ್ತು ಇರಲಿಲ್ಲ. ಅಜ್ಜಿಯನ್ನು ಒಳಗೆ ಬಿಡಲಿಲ್ಲ. ಆಗ ಅಜ್ಜಿ ಬಾಗಿಲಲ್ಲೇ ನಿಂತು ತನ್ನ ಫ್ಲಾಸ್ಕಿನ ಮುಚ್ಚಳದಲ್ಲಿ ನೀರು ಕೊಟ್ಟು, ನರ್ಸ್‌ಗೆ ಒಂದೊಂದೇ ಪದ ಹೇಳಿಕೊಟ್ಟಳಂತೆ. ಆ ಹುಡುಗಿ ನನ್ನ ಹೆಸರು ಕೇಳಿದಳು. ಇನ್ನೂ ಇಟ್ಟಿರಲಿಲ್ಲ, ಅಜ್ಜಿ ತನ್ನ ಹೆಸರನ್ನೇ ಹೇಳಿಬಿಟ್ಟಳು. ನರ್ಸ್ ಮೂರು ಸಲ ತಲೆಗೆ ನೀರು ಮುಟ್ಟಿಸಿ, ಪಿತ, ಸುತ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ ಅಂದಳು. ಅಜ್ಜಿಯ ಹೆಸರು ನನಗೆ ಬಂದದ್ದು ಪ್ರೀತಿಯಿಂದ ಅಂತ ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೆ. ಬಂದದ್ದು ಗಡಿಬಿಡಿಯಲ್ಲಿ!

"ಆ ನರ್ಸ್ ಕ್ರೈಸ್ತಳಾ?" ಅಂತ ಕೇಳಿದೆ. "ನಿಮ್ಮಜ್ಜಿ ಕೇಳಲಿಲ್ಲಮ್ಮ. ಕೇಳೋ ಹೊತ್ತಾ ಅದು?" ಅಂದಳು ಅಮ್ಮ.

ಕೇಳುವ ಅಗತ್ಯವೂ ಇರಲಿಲ್ಲ. ಜೀವಕ್ಕೆ ಅಪಾಯ ಇದ್ದಾಗ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು ಅನ್ನುತ್ತದೆ ನಮ್ಮ ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಸ್ವತಃ ದೀಕ್ಷಾಸ್ನಾನ ಆಗದವರು ಕೂಡ. ನೀರು ಬೇಕು, ಆ ಮಾತು ಬೇಕು, ಧರ್ಮಸಭೆ ಮಾಡುವುದನ್ನೇ ಮಾಡುತ್ತಿದ್ದೇನೆ ಅನ್ನುವ ಮನಸ್ಸು ಬೇಕು. ಅಷ್ಟಾದರೆ ಅದು ಪೂರ್ತಿ, ಮತ್ತೆ ಕೊಡುವ ಹಾಗಿಲ್ಲ. ಮೂರು ತಿಂಗಳ ಮೇಲೆ ಚರ್ಚಿನಲ್ಲಿ ಆದದ್ದು ಉಳಿದ ವಿಧಿಗಳು ಮಾತ್ರ, ತೈಲ, ಬಿಳಿ ಬಟ್ಟೆ, ಬತ್ತಿ. ನೀರು ಹಾಕಲಿಲ್ಲ.

ಹೋಗಿ ರಿಜಿಸ್ಟರ್ ನೋಡಿದೆ. ಎರಡು ತಾರೀಖೂ ಇದೆ. ದೀಕ್ಷಾಸ್ನಾನ ಕೊಟ್ಟವರು ಅನ್ನುವ ಕಡೆ ಬರೀ 'ನರ್ಸ್' ಅಂತ ಇದೆ, ಹೆಸರಿಲ್ಲ. ಅದೇ ಸಾಲಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ದೃಢೀಕರಣ (ದೀಕ್ಷಾಸ್ನಾನವನ್ನು ಗಟ್ಟಿಮಾಡುವ ಸಂಸ್ಕಾರ), ಆಮೇಲೆ ಬೇರೆ ಶಾಯಿಯಲ್ಲಿ ನನ್ನ ಮದುವೆ. ಇದೆಲ್ಲ ದೀಕ್ಷಾಸ್ನಾನದ ಪುಸ್ತಕದಲ್ಲೇ ಸೇರಬೇಕು ಅನ್ನುವುದು ನಿಯಮ. ನನ್ನ ಮದುವೆ ಆ ನರ್ಸ್ ಕೊಟ್ಟ ನೀರಿನ ಪಕ್ಕದಲ್ಲಿ ಅಂಟಿಕೊಂಡಿದೆ ಅಂತ ಅಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದೆ.

ನಿಜ ಹೇಳಬೇಕು. ನಾನು ಬೇರೆಯವರ ವಿಶ್ವಾಸ ಅಳೆಯುವ ಪೈಕಿ. ಇವರು ಕ್ರಿಸ್ಮಸ್‌ಗೆ ಮಾತ್ರ ಬರುವವರು, ಅವರ ಮನೆಯಲ್ಲಿ ಮಣಿ ಎಣಿಸಿ ಮಾಡುವ ಜಪಸರ ಪ್ರಾರ್ಥನೆ ನಡೆಯೋದೇ ಇಲ್ಲ, ಅಂತೆಲ್ಲ ಬಾಯಿಬಿಟ್ಟು ಹೇಳದಿದ್ದರೂ ಒಳಗೆ ಲೆಕ್ಕ ಇಡುತ್ತಿದ್ದೆ. ಈಗ ನೋಡಿದರೆ ನಾನು ಕ್ರೈಸ್ತಳಾದದ್ದೇ ಯಾವ ನಂಬಿಕೆಯವಳು ಅಂತಲೂ ಗೊತ್ತಿಲ್ಲದ ಒಬ್ಬಳ ಕೈಯಿಂದ. ಕ್ರೈಸ್ತರು ಅನ್ನುವ ಹೆಸರೂ ಹಾಗೇ ಅಲ್ವಾ. ಶಿಷ್ಯರು ತಾವಾಗಿ ಇಟ್ಟುಕೊಂಡದ್ದು ಅಂತ ಎಲ್ಲೂ ಬರೆದಿಲ್ಲ, ಅಂತಿಯೋಕ್ಯ ಅನ್ನುವ ಊರಲ್ಲಿ ಅವರನ್ನು ಮೊದಲ ಸಲ ಹಾಗೆ ಕರೆದರು ಅಂತ ಬೈಬಲಿನಲ್ಲಿ ಬರೆದಿದೆ.

ಇನ್ನು ಮನೆಯ ವಿಷಯ. ಲೋಕದ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆ ಅಂತ ಕರೆಯಿತು. ಮನೆಯೇ ಒಂದು ಪುಟ್ಟ ಧರ್ಮಸಭೆ. ಕೇಳೋಕೆ ಚೆನ್ನಾಗಿದೆ. ನಮ್ಮ ಪುಟ್ಟ ಧರ್ಮಸಭೆಯಲ್ಲಿ ಭಾನುವಾರ ಬೆಳಿಗ್ಗೆ ಏನು ನಡೆಯುತ್ತದೆ ಅಂದರೆ, ಒಬ್ಬನಿಗೆ ಸಾಕ್ಸ್ ಸಿಗುವುದಿಲ್ಲ, ಇನ್ನೊಬ್ಬರು ಹೊರಡುವ ಹೊತ್ತಿಗೆ ಸ್ನಾನಕ್ಕೆ ಹೋಗುತ್ತಾರೆ, ನಾನು ಕಿರುಚುತ್ತೇನೆ, ಮೂವರೂ ಮುಖ ಊದಿಸಿಕೊಂಡು ಚರ್ಚ್ ಸೇರುತ್ತೇವೆ. ಒಂದೇ ಬೆಂಚಿನಲ್ಲಿ ಕೂರುತ್ತೇವೆ, ಮಧ್ಯೆ ಬೇಕಂತಲೇ ಮಗನನ್ನು ಕೂರಿಸಿ. ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಪೂಜೆಯಲ್ಲಿ, ಪರಮಪ್ರಸಾದದ ರೊಟ್ಟಿ ಹಂಚುವ ಮೊದಲು ಒಬ್ಬರಿಗೊಬ್ಬರು ಶಾಂತಿ ಕೋರಿರಿ ಅನ್ನುವ ಘಳಿಗೆ ಬಂದೇ ಬರುತ್ತದೆ. ಹಿಂದಿನವರಿಗೆ ನಗುತ್ತಾ ಕೈ ಮುಗಿಯುವುದು ಸುಲಭ. ಮುಂದಿನವರಿಗೂ ಸುಲಭ. ಆಮೇಲೆ ಪಕ್ಕಕ್ಕೆ ತಿರುಗಬೇಕು. ಒಂದು ಭಾನುವಾರ ನಾನು ತಿರುಗಲೇ ಇಲ್ಲ, ಹಾಗೇ ಎದ್ದು ಪ್ರಸಾದ ತಗೊಂಡು ಬಂದೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿ ಮಾಡಿಕೋ ಅಂತ ಯೇಸು ಹೇಳಿದ್ದು ನನಗೆ ಬಾಯಿಪಾಠ. ವಾರ ಪೂರ್ತಿ ಅದು ಗಂಟಲಲ್ಲೇ ಇತ್ತು, ಪಾಪನಿವೇದನೆಯಲ್ಲಿ ಹೇಳಿಕೊಂಡೆ. ಗಂಡನ ಹತ್ತಿರ ಹೇಳಿದ್ದು ಅದಕ್ಕಿಂತ ಕಷ್ಟವಾಯಿತು. ಪುಣ್ಯಾತ್ಮ, "ನಾನೂ ತಿರುಗಿರಲಿಲ್ಲ ಕಣೇ" ಅಂದ.

ಪ್ರಾರ್ಥನೆಯಲ್ಲೂ ನಾನು ಅಷ್ಟಕ್ಕಷ್ಟೇ. ರಾತ್ರಿ ಜಪಸರ ಹಿಡಿದರೆ ಅದರ ಐದು ಭಾಗಗಳಲ್ಲಿ, ಅಂದರೆ ರಹಸ್ಯಗಳಲ್ಲಿ, ಮೂರನೆಯದಕ್ಕೇ ನಿದ್ದೆ. ಮೊದಲು ಇದಕ್ಕೆ ತುಂಬಾ ಕೊರಗುತ್ತಿದ್ದೆ, ದೇವರ ಜೊತೆಗಿನ ಸಂಬಂಧ ನಾನು ಎಚ್ಚರ ಇದ್ದಷ್ಟು ಹೊತ್ತು ಮಾತ್ರ ಅನ್ನುವ ಹಾಗೆ. ಫ್ರಾನ್ಸಿನ ಸನ್ಯಾಸಿನಿ, ಲಿಸಿಯೂನ ಸಂತ ತೆರೇಸಾಗೂ ಪ್ರಾರ್ಥನೆಯಲ್ಲಿ ನಿದ್ದೆ ಬರುತ್ತಿತ್ತು. ಮಕ್ಕಳು ನಿದ್ದೆ ಮಾಡುತ್ತಿದ್ದರೂ ಎದ್ದಿದ್ದರೂ ತಂದೆತಾಯಿಗೆ ಅಷ್ಟೇ ಇಷ್ಟ ಅಲ್ಲವೇ ಅಂತ ಆಕೆ ಸಮಾಧಾನ ಮಾಡಿಕೊಂಡವಳು. ಆಕೆಗೆ ಹಾಗೆ ಅನ್ನಿಸಿದ್ದರಲ್ಲಿ ಅಚ್ಚರಿಯಿಲ್ಲ. ಅವಳ ಅಪ್ಪ ಅಮ್ಮ, ಲೂಯಿ ಮತ್ತು ಝೆಲಿ ಮಾರ್ಟಿನ್, 2015ರ ಅಕ್ಟೋಬರ್ 18ರಂದು ಒಟ್ಟಿಗೆ ಸಂತ ಪದವಿಗೇರಿದವರು. ಗಂಡ ಹೆಂಡತಿ ಜೊತೆಯಾಗಿ ಸಂತರಾದದ್ದು ಅದೇ ಮೊದಲು. ಒಂಬತ್ತು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡ ಮನೆ ಅದು. ಮಲಗಿದ ಮಗುವಿನ ಉಸಿರು ನೋಡುತ್ತಾ ಕೂರುವುದು ಹೇಗಿರುತ್ತದೆ ಅಂತ ಝೆಲಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮಜ್ಜಿಗೂ ಗೊತ್ತಿತ್ತು.

ದೀಕ್ಷಾಸ್ನಾನದ ವಿಧಿಯ ಶುರುವಿಗೇ ಗುರುಗಳು ಮಗುವಿನ ಹಣೆಗೆ ಶಿಲುಬೆ ಗುರುತು ಹಾಕಿ, ತಂದೆತಾಯಿಗೂ ಹಾಕೋಕೆ ಹೇಳುತ್ತಾರೆ. ನಾನು ಅದನ್ನು ಅಲ್ಲಿಗೇ ನಿಲ್ಲಿಸಲಿಲ್ಲ, ಮಗನಿಗೆ ದಿನಾ ಮಲಗುವಾಗ ಹೆಬ್ಬೆರಳಲ್ಲಿ ಹಾಕುತ್ತೇನೆ. ಹದಿಮೂರು ತುಂಬಿದ ಮೇಲೆ ಅವನು ತಲೆ ಸರಿಸೋಕೆ ಶುರು ಮಾಡಿದ. ಬಲವಂತ ಬೇಡ ಅಂತ, ಅವನು ನಿದ್ದೆ ಹೋದ ಮೇಲೆ ಕಳ್ಳಿಯ ಹಾಗೆ ಹೋಗಿ ಹಾಕಿ ಬರುತ್ತಿದ್ದೆ.

ನರ್ಸ್ ಕಥೆಯನ್ನು ಊಟಕ್ಕೆ ಕೂತಾಗ ಹೇಳಿದೆ. "ಹಾಗಾದ್ರೆ ಅವರಿಗೆ ಗೊತ್ತೇ ಇಲ್ವಾ, ನೀನು ಬದುಕಿದೀಯ ಅಂತ?" ಅಂದ ಮಗ. ನನಗೆ ಅದು ಹೊಳೆದೇ ಇರಲಿಲ್ಲ. ಡ್ಯೂಟಿ ಮುಗಿಸಿ ಆಮೇಲೆ ಬಂದು ಕೇಳಿರಬಹುದು, ಕೇಳದೆಯೂ ಇರಬಹುದು ಅಂದೆ. ಅವನು ಸುಮ್ಮನೆ ತಟ್ಟೆ ಎತ್ತಿಕೊಂಡು ಹೋದ.

ರಾತ್ರಿ ದೀಪ ಆರಿಸೋಕೆ ಹೋದಾಗ ಇನ್ನೂ ಎದ್ದಿದ್ದ. ಮೊಬೈಲ್ ನೋಡುತ್ತಲೇ ಹಣೆಯ ಮೇಲಿನ ಕೂದಲು ಹಿಂದಕ್ಕೆ ತಳ್ಳಿಕೊಂಡು, "ಬೇಗ ಹಾಕಮ್ಮ, ನಿದ್ದೆ ಬರ್ತಿದೆ" ಅಂದ.