ಕ್ಯಾಂಪಸ್ ಕೆಲಸದಲ್ಲಿ ಫೀಸು ಗಿಟ್ಟುತ್ತಾ?

"ಅಕ್ಕ, ಅಮೆರಿಕದಲ್ಲಿ ಓದ್ತಾ ಓದ್ತಾ ಯೂನಿವರ್ಸಿಟಿಯಲ್ಲೇ ಕೆಲಸ ಮಾಡಿದ್ರೆ ಫೀಸು ಗಿಟ್ಟುತ್ತೆ ಅಲ್ವಾ?"

ಪ್ರತಿ ವರ್ಷ ವೀಸಾ ಓಡಾಟ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಬರುತ್ತದೆ. ಕೆಲವೊಮ್ಮೆ ಮಕ್ಕಳೇ ಕೇಳುತ್ತಾರೆ, ಕೆಲವೊಮ್ಮೆ ಅವರ ಅಪ್ಪಂದಿರು. ಕೇಳುವವರ ದನಿಯಲ್ಲಿ ಬ್ಯಾಂಕ್ ಸಾಲದ ಲೆಕ್ಕ ಇರುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಕೆಲಸ ಸಿಗಬಹುದು, ಆದರೆ ಫೀಸು ಗಿಟ್ಟುವುದಿಲ್ಲ. ಆದರೂ ಆ ಕೆಲಸ ಹುಡುಕಿ ಅಂತಲೇ ನಾನು ಹೇಳುವುದು.

ವಿಶ್ವವಿದ್ಯಾಲಯಗಳ ಸಂಶೋಧನಾ ಕೇಂದ್ರಗಳು ಹಾಕುವ ಜಾಹೀರಾತುಗಳಲ್ಲಿ "ವರ್ಕ್-ಸ್ಟಡಿ ಇದ್ದವರಿಗೆ ಮಾತ್ರ" ಅಂತ ಇರುವುದನ್ನು ನೋಡಿ ನಮ್ಮ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಓದುತ್ತಾ ಮಾಡುವ ಕೆಲಸಕ್ಕೆಲ್ಲ ಅಲ್ಲಿ ವರ್ಕ್-ಸ್ಟಡಿ ಅನ್ನುವುದಿಲ್ಲ. ಅದು ಅಮೆರಿಕ ಸರ್ಕಾರದ ಒಂದು ಯೋಜನೆ. ಬಡ ಕುಟುಂಬದ ಮಕ್ಕಳು ದುಡಿದು ಓದಲಿ ಅಂತ 1964ರಲ್ಲಿ ಶುರುವಾಯಿತು. ಆಗ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಟೆಕ್ಸಾಸ್‌ನ ಸ್ಯಾನ್ ಮಾರ್ಕಸ್‌ನ ಕಾಲೇಜಿನಲ್ಲಿ ಕಸ ಗುಡಿಸಿಕೊಂಡು ಓದಿದವರು. ಮರುವರ್ಷ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕುವುದಕ್ಕೆ ಅದೇ ಕಾಲೇಜಿಗೆ ಹೋದರು. ನಮ್ಮಲ್ಲಿ ವಾರಾನ್ನ ಉಂಡು ಓದಿದ ಹಿರಿಯರ ಕಥೆ ಕೇಳಿ ಬೆಳೆದ ನನಗೆ ಈ ಸಂಗತಿ ತುಂಬ ಹತ್ತಿರದ್ದು ಅನ್ನಿಸುತ್ತದೆ.

ಈ ಯೋಜನೆಯಲ್ಲಿ ವಿದ್ಯಾರ್ಥಿಯ ಕೂಲಿಯ ಮುಕ್ಕಾಲು ಪಾಲಿನವರೆಗೂ ಸರ್ಕಾರವೇ ಕೊಡಬಹುದು. ಗಂಟೆಗೆ 12 ಡಾಲರ್ ಸಂಬಳ ಅಂದುಕೊಳ್ಳಿ. ಕೇಂದ್ರದ ಕೈಯಿಂದ ಹೋಗುವುದು 3 ಡಾಲರ್ ಅಷ್ಟೇ ಆಗಬಹುದು. ಅಂಥವರು ಸಿಗುವಾಗ ಕೇಂದ್ರ ಅವರನ್ನೇ ಹುಡುಕುವುದು ಸಹಜ ಅಲ್ವಾ? ಇದಕ್ಕೆ ಫಾಫ್ಸಾ ಅನ್ನುವ, ಓದಿಗೆ ಸರ್ಕಾರದ ನೆರವು ಕೇಳುವ ಅರ್ಜಿ ಹಾಕಬೇಕು, ಅಮೆರಿಕದ ಪೌರತ್ವವೋ ಗ್ರೀನ್ ಕಾರ್ಡೋ ಇರಬೇಕು. ಅಲ್ಲೇ ಹುಟ್ಟಿದ ಕನ್ನಡದ ಮಕ್ಕಳಿಗೆ ಮನೆಯ ಪರಿಸ್ಥಿತಿ ನೋಡಿ ಸಿಗುತ್ತದೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಇಲ್ಲಿಂದ ಹೋದವರಿಗೆ ಸಿಗುವುದಿಲ್ಲ. ಆ ಜಾಹೀರಾತು ನಿಮ್ಮನ್ನು ಬಿಟ್ಟಿತು ಅಂದರೆ ನಿಮಗೆ ಯೋಗ್ಯತೆ ಇಲ್ಲ ಅಂತಲ್ಲ, ದಯವಿಟ್ಟು ಹಾಗೆ ಅಂದುಕೊಂಡು ಕುಗ್ಗಬೇಡಿ.

ನಮಗೆ ಇರುವ ದಾರಿ ಬೇರೆ. ಎಷ್ಟೋ ಕೇಂದ್ರಗಳು ತಮ್ಮ ಸಂಶೋಧನೆಯ ಅನುದಾನದಿಂದಲೇ ಗಂಟೆ ಲೆಕ್ಕದಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ತಿ ಹೊತ್ತು ಮಾಡಬಹುದು. ಎರಡು ಕಡೆ ಕೆಲಸ ಮಾಡಿದರೂ ಸೇರಿಸಿ 20 ಗಂಟೆಯೇ. ಅದೇ 12 ಡಾಲರ್ ಲೆಕ್ಕ ಹಿಡಿದರೆ ವಾರಕ್ಕೆ 240, ಎರಡು ಸೆಮಿಸ್ಟರ್‌ನ ಸುಮಾರು 30 ವಾರಕ್ಕೆ 7,200 ಡಾಲರ್. ಅದರಲ್ಲಿ ತೆರಿಗೆ ಹೋಗುತ್ತದೆ. ದಿನಸಿ, ಫೋನು, ಬಾಡಿಗೆಯ ಒಂದು ಪಾಲು, ಅಷ್ಟಕ್ಕೆ ಸರಿ. ಸಾಲದ ಅರ್ಜಿ ಬರೆಯುವಾಗ ಈ ದುಡ್ಡನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ. ಸಿಕ್ಕರೆ ಸಿಕ್ಕಿತು.

ಹಾಗಾದರೆ ಯಾಕೆ ಮಾಡಬೇಕು? ನನ್ನ ಕೆಲಸವನ್ನೇ ಹೇಳುತ್ತೇನೆ.

ಅಲ್ಲಿ ಓದುವಾಗ ನಾನು ಸೇರಿದ್ದು ಅಮೆರಿಕದ ನಡುಭಾಗದ ಮಿಡ್‌ವೆಸ್ಟ್‌ನ ಒಂದು ಕೃಷಿ ಸಂಶೋಧನಾ ಕೇಂದ್ರಕ್ಕೆ. ಹೊಲಗಳಿಂದ ಕಾಗದದ ಚೀಲಗಳಲ್ಲಿ ಮಣ್ಣು ಬರುತ್ತಿತ್ತು. ಅದನ್ನು ಒಣಗಿಸಬೇಕು, ಹೆಂಟೆ ಪುಡಿ ಮಾಡಬೇಕು, 2 ಮಿಲಿಮೀಟರ್ ಕಣ್ಣಿನ ಜರಡಿ ಹಿಡಿಯಬೇಕು, ಡಬ್ಬಿಗೆ ತುಂಬಿ ಚೀಟಿ ಅಂಟಿಸಬೇಕು. ಒಂದು ಮಾದರಿ ಮುಗಿದ ಮೇಲೆ ಜರಡಿಯನ್ನು ಬ್ರಶ್‌ನಲ್ಲಿ ಚೆನ್ನಾಗಿ ಉಜ್ಜಬೇಕು, ಇಲ್ಲದಿದ್ದರೆ ಈ ಹೊಲದ ಮಣ್ಣು ಆ ಹೊಲದ್ದಕ್ಕೆ ಸೇರುತ್ತದೆ. ಚನ್ನರಾಯಪಟ್ಟಣದ ಕೆಂಪು ಮಣ್ಣು ತುಳಿದು ಬೆಳೆದ ನನಗೆ ಆ ಕಪ್ಪು ಮಣ್ಣು ಮುಟ್ಟುವುದೇ ಒಂದು ಸಂತೋಷ. ಬೆರಳಿನ ಗೆರೆಗಳಲ್ಲಿ ಸಂಜೆಯವರೆಗೂ ಉಳಿದಿರುತ್ತಿತ್ತು.

ಒಂದು ಮಧ್ಯಾಹ್ನ ಒಂದೇ ಜಾಗದ ಎರಡು ಚೀಲಗಳ ಚೀಟಿ ಅದಲು ಬದಲಾಯಿತು. ಒಂದು ಮೇಲಿನ 15 ಸೆಂಟಿಮೀಟರ್ ಮಣ್ಣು, ಇನ್ನೊಂದು ಅದರ ಕೆಳಗಿನದ್ದು. ನೋಡುವುದಕ್ಕೆ ಎರಡೂ ಒಂದೇ ಥರ. ಯಾವುದು ಯಾವುದು ಅಂತ ನನಗೇ ಖಚಿತ ಇರಲಿಲ್ಲ. ಹೊಟ್ಟೆಯಲ್ಲಿ ಸಂಕಟ. ಸುಮ್ನೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೋಗಿ ಲ್ಯಾಬ್ ನೋಡಿಕೊಳ್ಳುವವರಿಗೆ ಹೇಳಿದೆ. ಅವರು ಬೈಯಲಿಲ್ಲ. ನೋಟ್‌ಬುಕ್ ತೆಗೆದು ಆ ಎರಡು ನಂಬರಿನ ಮೇಲೆ ಗೆರೆ ಎಳೆದರು, ತಾರೀಖು ಹಾಕಿದರು, ಕಾರಣ ಬರೆದರು. ಮುಂದಿನ ವಾರ ಇಬ್ಬರೂ ಹೋಗಿ ಅದೇ ಜಾಗದಿಂದ ಮತ್ತೆ ಮಣ್ಣು ತಂದೆವು. ಸಂಶೋಧನೆ ಅಂದರೆ ಏನು ಅಂತ ನನಗೆ ತಿಳಿದದ್ದು ಆ ಗೆರೆಯಲ್ಲಿ. ಯಾವ ತರಗತಿಯಲ್ಲೂ ಅದು ಸಿಕ್ಕಿರಲಿಲ್ಲ. ಆಮೇಲೆ ನನಗೆ ಶಿಫಾರಸು ಪತ್ರ ಬರೆದುಕೊಟ್ಟವರೂ ಅವರೇ.

ಇನ್ನು ಕಾಗದ ಪತ್ರದ ವಿಷಯ. ಕೆಲಸ ಸಿಕ್ಕ ಮೇಲೆ ಕೇಂದ್ರದ ಪತ್ರ, ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಪತ್ರ ಎರಡನ್ನೂ ಹಿಡಿದು ಸೋಷಿಯಲ್ ಸೆಕ್ಯುರಿಟಿ ನಂಬರಿಗೆ, ಅಂದರೆ ಸಂಬಳ, ತೆರಿಗೆಯ ಲೆಕ್ಕಕ್ಕೆ ಸರ್ಕಾರ ಕೊಡುವ ಗುರುತಿನ ಸಂಖ್ಯೆಗೆ, ಅರ್ಜಿ ಹಾಕಬೇಕು. ಸಂಬಳದ ಚೀಟಿ ಬಂದಾಗ ಕಣ್ಣಿಟ್ಟು ನೋಡಿ. ಎಫ್-1ನವರಿಗೆ ಸಾಮಾನ್ಯವಾಗಿ ಮೊದಲ 5 ವರ್ಷ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆ, ಅಂದರೆ ಅಲ್ಲಿಯವರ ಪಿಂಚಣಿಗೂ ವಯಸ್ಸಾದವರ ಚಿಕಿತ್ಸೆಗೂ ಹಿಡಿಯುವ ದುಡ್ಡು, ಇಲ್ಲ. ನನ್ನ ಸಂಬಳದಲ್ಲಿ ತಪ್ಪಿ ಹಿಡಿದಿದ್ದರು, ನೂರಕ್ಕೆ 7 ಡಾಲರ್ 65 ಸೆಂಟ್. ಕೇಳಿದ ಮೇಲೆ ವಾಪಸ್ ಕೊಟ್ಟರು. ಇನ್ನೊಂದು ಅನುಕೂಲವೂ ಇದೆ: ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ, ಅಂದರೆ ಆದಾಯದ ಒಂದು ನಿಗದಿತ ಮೊತ್ತವನ್ನು ಕಳೆದು ಉಳಿದದ್ದಕ್ಕೆ ಮಾತ್ರ ಆದಾಯ ತೆರಿಗೆ.

ಕ್ಯಾಂಪಸ್‌ನಲ್ಲಿ ಸಿಗಲಿಲ್ಲ ಅಂತ ಹೊರಗೆ ಹೋಟೆಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಕೈಗೆ ಕಾಸು ಪಡೆದು ದುಡಿಯಲು ಹೋಗಬೇಡಿ. ಎಲ್ಲರೂ ಮಾಡ್ತಾರೆ ಅನ್ನುವ ಮಾತಿಗೆ ಕಿವಿಗೊಡಬೇಡಿ. ಸಿಕ್ಕಿಬಿದ್ದರೆ ವೀಸಾದ ಸ್ಥಾನಮಾನವೇ ಹೋಗುತ್ತದೆ. ಅಪ್ಪ ಅಮ್ಮ ಅಡವಿಟ್ಟ ಹೊಲ ಅಡವಿನಲ್ಲೇ ಇರುತ್ತದೆ, ಡಿಗ್ರಿ ಮಾತ್ರ ಇರುವುದಿಲ್ಲ. ಈ ಒಂದು ವಿಷಯದಲ್ಲಿ ನಾನು ಯಾರಿಗೂ ಮೃದುವಾಗಿ ಹೇಳುವುದಿಲ್ಲ.

ಮೊನ್ನೆ ಫೋನ್ ಮಾಡಿದ ಹುಡುಗಿ ಆಗಸ್ಟ್‌ನಲ್ಲಿ ಹೊರಡುತ್ತಾಳೆ. ಅವಳಿಗೆ ಹೇಳಿದ್ದು ಇಷ್ಟು: ಇಲ್ಲಿಂದಲೇ ನಿನ್ನ ವಿಭಾಗದ ಕೇಂದ್ರಗಳ ಪಟ್ಟಿ ಮಾಡು. ಒಂದೇ ಮೇಲ್ ಐವತ್ತು ಜನಕ್ಕೆ ಕಳಿಸಬೇಡ. ಐದು ಜನರ ಕೆಲಸ ಓದಿ, ಐದು ಬೇರೆ ಬೇರೆ ಮೇಲ್ ಬರಿ. ವರ್ಕ್-ಸ್ಟಡಿ ಕಡ್ಡಾಯ ಅಂತ ಇರುವುದನ್ನು ಬಿಡು. ತರಗತಿ ಶುರುವಾಗುವ 30 ದಿನ ಮೊದಲೇ ಕೆಲಸ ಶುರು ಮಾಡಲು ಅವಕಾಶ ಇದೆ, ಹಾಗಾಗಿ ಹೋದ ಮೊದಲ ವಾರವೇ ಆ ಕಟ್ಟಡಗಳಿಗೆ ಹೋಗಿ ಬಾಗಿಲು ತಟ್ಟು.

"ಏನು ಕೆಲಸ ಬರುತ್ತೆ ಅಂತ ಕೇಳಿದ್ರೆ ಏನು ಹೇಳ್ಲಿ ಅಕ್ಕ?" ಅಂದಳು. ಅವಳ ಮನೆಯವರು ರೇಷ್ಮೆ ಹುಳು ಸಾಕುತ್ತಾರೆ. ಹೊತ್ತು ಹೊತ್ತಿಗೆ ಸೊಪ್ಪು ಹಾಕಿ, ತಟ್ಟೆ ಶುಚಿ ಮಾಡಿ ಗೊತ್ತು. ಅದನ್ನೇ ಹೇಳು ಅಂದೆ.