ಮುಖ ನೋಡಿ ಚಾಚಿದ ಕೈ

ಈ ವಾರ ಮಲ್ಲೇಶ್ವರದ ನಮ್ಮ ಬೀದಿಗೆ ಕೋತಿಗಳು ಬಂದಿದ್ದವು. ಕಡಲೆಕಾಯಿ ಮಾರುವ ಅಜ್ಜಿ ಗಿರಾಕಿಗೆ ಅಳೆದು ಕೊಡುತ್ತಿದ್ದರು. ಅವರ ಬೆನ್ನ ಹಿಂದಿನ ಕಾಂಪೌಂಡ್ ಗೋಡೆಯ ಮೇಲೆ ಒಂದು ಹೆಣ್ಣು ಕೋತಿ. ಬೆನ್ನಿಗೆ ಅದು ಕೈ ಚಾಚಲಿಲ್ಲ. ಗೋಡೆಗುಂಟ ನಡೆದು ಅಜ್ಜಿಯ ಎದುರಿಗೆ ಬಂದು, ಅವರ ಕಣ್ಣು ತನ್ನ ಮೇಲೆ ಬಿದ್ದ ಮೇಲೆ ಕೈ ನೀಡಿತು. ಅಜ್ಜಿ ಮುಖ ತಿರುಗಿಸಿದರು. ಕೈ ಹಿಂದೆ ಸರಿಯಿತು, 'ಕೂ' ಎಂಬ ಮೆಲುದನಿ ಬಂತು. ಅಜ್ಜಿ ತಿರುಗಿ ನೋಡಿದರು. ಕೈ ಮತ್ತೆ ಮುಂದೆ ಬಂತು.

"ಇರಮ್ಮ, ವ್ಯಾಪಾರ ಮುಗಿಯಲಿ" ಎಂದರು ಅಜ್ಜಿ.

"ಅದಕ್ಕೆ ಹಸಿವು, ಅಷ್ಟೇ" ಎಂದರು ಪಕ್ಕದ ಮನೆಯ ನಿವೃತ್ತ ಮೇಷ್ಟರು. ಬಹಳ ಓದಿದವರು, ಆದರೆ ಕಣ್ಣೆದುರಿನದನ್ನು ನೋಡುವ ತಾಳ್ಮೆ ಅವರಿಗೆ ಕಡಿಮೆ. ಅಜ್ಜಿಗೆ ಅದು ಧಾರಾಳವಾಗಿದೆ.

ಹಸಿವು ನಿಜ. ಆದರೆ ಬೆನ್ನಿಗೆ ಕೈ ಚಾಚಬಾರದು ಎಂಬುದನ್ನು ಹಸಿವು ಹೇಳಿಕೊಡುವುದಿಲ್ಲ. ಎದುರಿಗಿರುವವರು ನನ್ನನ್ನು ನೋಡುತ್ತಿದ್ದಾರೆಯೇ ಎಂದು ವಿಚಾರಿಸಿಕೊಂಡು ಮಾಡಿದ ಸನ್ನೆ ಅದು. ನಮ್ಮ ಊರಿನದೇ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಬಂಡೀಪುರದ ಕೋತಿಗಳಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿ 2018ರಲ್ಲಿ ಪ್ರಕಟಿಸಿದರು. ಕೈ ಚಾಚುವುದು ಉದ್ದೇಶಪೂರ್ವಕ ಸನ್ನೆಯಾಗಿರುವ ಸಾಧ್ಯತೆಯನ್ನು ಅವರು ತೋರಿಸಿದರು. ತಮ್ಮತಮ್ಮಲ್ಲಿ ಬೇರೆ ಸಂದರ್ಭಕ್ಕೆ ಬಳಸುವ 'ಕೂ' ದನಿಯನ್ನು ಆ ಕೋತಿಗಳು ಮನುಷ್ಯರಿಂದ ತಿನಿಸು ಕೇಳಲು ಹೂಡಿದ್ದವು. ಹಳೆಯ ದನಿಗೆ ಹೊಸ ಕೆಲಸ!

ಭಾಷೆಯ ಹುಟ್ಟಿನ ಮಾತು ಬಂದರೆ ಎಲ್ಲರೂ ಕೀನ್ಯಾದ ಅಂಬೋಸೆಲಿಯ ವರ್ವೆಟ್ ಕೋತಿಗಳನ್ನು ನೆನೆಯುತ್ತಾರೆ. ಚಿರತೆಗೆ ಒಂದು ಕೂಗು, ಹದ್ದಿಗೆ ಇನ್ನೊಂದು, ಹಾವಿಗೆ ಮತ್ತೊಂದು. 1980ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಧ್ವನಿಮುದ್ರಿಸಿದ ಕೂಗನ್ನು ಕೇಳಿಸಿದಾಗಲೂ ಕೋತಿಗಳು ಮರ ಹತ್ತಿದವು, ಆಕಾಶ ನೋಡಿದವು, ನೆಲ ನೋಡಿದವು. ಅದ್ಭುತವೇ. ಆದರೆ ಆ ಕೂಗುಗಳು ಬಹುಮಟ್ಟಿಗೆ ಹುಟ್ಟಿನಿಂದಲೇ ಬರುತ್ತವೆ. ಯಾವುದಕ್ಕೆ ಕೂಗಬೇಕೆಂಬುದನ್ನು ಮಾತ್ರ ಮರಿಗಳು ಬೆಳೆಯುತ್ತಾ ತಿದ್ದಿಕೊಳ್ಳುತ್ತವೆ. ನಮ್ಮ ಬೀದಿಯ ಕೋತಿಯೂ ಸೇರಿದ ಮಕಾಕ್ ಗುಂಪಿನ ಕೋತಿಗಳ ಗಂಟಲು ಮತ್ತು ಬಾಯಿ ಮಾತಿಗೆ ಸಾಕಾಗುವಂತಿವೆ ಎಂದು 2016ರಲ್ಲಿ ಎಕ್ಸ್-ರೇ ಚಿತ್ರಗಳ ಆಧಾರದ ಮೇಲೆ ತೋರಿಸಲಾಯಿತು. ಅದನ್ನು ಆಡಿಸುವ ಮಿದುಳು ಇಲ್ಲ, ಅಷ್ಟೇ. ಹಾಗಾದರೆ ಮಾತಿನ ಬೇರನ್ನು ಗಂಟಲಿನಲ್ಲಿ ಹುಡುಕುವುದೇಕೆ? ಇನ್ನೊಬ್ಬರ ಗಮನಕ್ಕಾಗಿ ಕಾಯುವುದು, ಸಿಗದಿದ್ದರೆ ಬೇರೆ ದಾರಿ ಹಿಡಿಯುವುದು: ಕೂಸು ಮೊದಲ ಮಾತಿಗೆ ಮುಂಚೆ ಮಾಡುವುದೂ ಇದನ್ನೇ. ಕೋತಿಯಿಂದ ವಾಕ್ಯದವರೆಗಿನ ದೂರ ಬಹಳ, ಬಲ್ಲೆ. ಆದರೂ ಹೊರಡುವ ಜಾಗ ಇದೇ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಬೀದಿಗೆ ಬಂದ, ಬಾನೆಟ್ ಮಕಾಕ್ ಎಂಬ ಈ ಜಾತಿಯ ಕೋತಿ ದಕ್ಷಿಣ ಭಾರತದಲ್ಲಿ ಮತ್ತು ಅದರ ಆಸುಪಾಸಿನಲ್ಲಷ್ಟೇ ಇದೆ. ನಮ್ಮ ಬೀದಿಯವರು ಈಗ ಕೋತಿ ಹಿಡಿಯುವವರನ್ನು ಕರೆಸುವ ಯೋಚನೆಯಲ್ಲಿದ್ದಾರೆ. ನಾನು ಒಪ್ಪುವುದಿಲ್ಲ ಎಂದಿದ್ದೇನೆ. ತಿನಿಸು ಹಾಕುವುದು ನಿಲ್ಲಲಿ, ಕಸದ ಡಬ್ಬಿಗಳಿಗೆ ಗಟ್ಟಿ ಮುಚ್ಚಳ ಬರಲಿ. ಮೊದಲು ಅದನ್ನು ಮಾಡೋಣ ಎಂದು ಮೇಷ್ಟರಿಗೂ ಹೇಳಿದ್ದೇನೆ.