ಕೊಳೆತ ಟೊಮೆಟೊ ಬಣ್ಣ

ಕೋಲಾರದ ಮಂಡಿಗೆ ಹೋಗೋ ಟೊಮೆಟೊ ಬಾಕ್ಸಿನ ಲೋಗೋ ಅಂದ್ರೆ ಕೈಗೆ ಸಿಗೋದು ವಾಟ್ಸಾಪ್‌ನ ಮಸುಕು ಜೆಪೆಗ್. ಅದನ್ನ ಇಂಕ್‌ಸ್ಕೇಪ್‌ನಲ್ಲಿ (ಚಿತ್ರ ಬಿಡಿಸೋ ಸಾಫ್ಟ್‌ವೇರ್) ಹೊಸದಾಗಿ ಬಿಡಿಸುವಾಗ ಆಟೋ ಟ್ರೇಸ್, ಅಂದ್ರೆ ಫೋಟೋ ನೋಡಿ ತಾನೇ ಗೆರೆ ಎಳೆಯೋ ಆಯ್ಕೆ, ಒತ್ತಬೇಡಿ. ಗ್ರೇಡಿಯೆಂಟನ್ನ (ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ತಿರುಗೋದು) ಪಟ್ಟೆಪಟ್ಟೆಯಾಗಿ ಸೀಳಿ ನೂರಾರು ನೋಡ್, ಅಂದ್ರೆ ಗೆರೆ ಹಿಡಿದಿಡೋ ಚುಕ್ಕಿ, ಸುರಿಯುತ್ತೆ. ಪೆನ್ ಟೂಲಲ್ಲಿ ದುಂಡು ಹಣ್ಣಿಗೆ ನಾಲ್ಕೇ ನೋಡ್ ಸಾಕು: ಮೇಲೆ, ಕೆಳಗೆ, ಎಡ, ಬಲ.

ಎಡವಟ್ಟಾಗೋದು ಫಿಲ್‌ನಲ್ಲಿ, ಅಂದ್ರೆ ಒಳಗೆ ಬಣ್ಣ ತುಂಬೋದರಲ್ಲಿ. ಬಣ್ಣದ ಮೂರು ಅಂಕಿ ಕ್ರಮವಾಗಿ ಕೆಂಪು, ಹಸಿರು, ನೀಲಿಯ ಪ್ರಮಾಣ. ಕೆಂಪು 255,0,0ರಿಂದ ಹಸಿರು 0,128,0ಕ್ಕೆ ನೇರ ಎಳೆದರೆ ನಟ್ಟನಡುವೆ ಬರೋದು 128,64,0. ಅಪ್ಪಟ ಕೊಳೆತ ಹಣ್ಣಿನ ಕಂದು! ಆ ಬಾಕ್ಸನ್ನ ಹರಾಜಲ್ಲಿ ಯಾರು ಕೂಗ್ತಾರೆ? ಗ್ರೇಡಿಯೆಂಟಿನ 50%ರಲ್ಲಿ 255,190,0 ಅಂತ ಕಿತ್ತಳೆ-ಹಳದಿಯ ಇನ್ನೊಂದು ಸ್ಟಾಪ್ (ಬಣ್ಣದ ಗುರುತು) ಹಾಕಿ, ಕಳೆ ಬರುತ್ತೆ. ಗಿಡದಲ್ಲೂ ಅಷ್ಟೇ ಅಲ್ವಾ, ಹಸಿರು ಕಾಯಿ ಒಂದೇ ಸಲ ಕೆಂಪಿಗೆ ಜಿಗಿಯಲ್ಲ, ನಡುವೆ ಕಿತ್ತಳೆಗೆ ತಿರುಗುತ್ತೆ.

ವಿನೈಲ್ ಕಟಿಂಗಿಗೆ, ಅಂದ್ರೆ ಬಣ್ಣದ ಸ್ಟಿಕ್ಕರ್ ಹಾಳೆಯಿಂದ ಆಕಾರ ಕತ್ತರಿಸೋಕೆ, ಗ್ರೇಡಿಯೆಂಟ್ ನಡೆಯಲ್ಲ. ಅದಕ್ಕೆ ಲೋಗೋದ ಒಂದೇ ಬಣ್ಣದ ಪ್ರತಿ ಬೇರೆ ಇಟ್ಕೊಳ್ಳಿ.